ಕೆರೆಯಿಂದ ಎದ್ದು ಕಾರು ಹತ್ತಿದವಳಿಗೆ

ಸೆಪ್ಟೆಂಬರ್ ೧೯, ಶುಕ್ರವಾರ

ಪ್ರೀತಿಯ ಮಗಳೇ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಕಾಲುಗಳೂ ಕ್ಷೇಮವೆಂದು ನಂಬಿದ್ದೇನೆ; ಇಷ್ಟೆಲ್ಲ ನಡೆದದ್ದು ಅವುಗಳಿಗಾಗಿಯೇ ತಾನೇ. ಭಾನುವಾರ ಸಂಜೆಯೇ ನೀನು ‘ಅಮ್ಮ ಏನಂದ್ಳು?’ ಎಂದು ಕೇಳಿದ್ದೆ. ಉತ್ತರ ತಡವಾಯಿತು. ಬರೆದದ್ದನ್ನೆಲ್ಲ ಹರಿದು ಹಾಕುತ್ತಿದ್ದೆ, ಅಪ್ಪನಾದವನು ಬರೆಯಬಾರದ ಮಾತುಗಳೇ ಮೊದಲು ಬರುತ್ತಿದ್ದವು. ಈ ಪತ್ರ ನಿನ್ನ ಕೈ ಸೇರುವಷ್ಟರಲ್ಲಿ ನಾಡಿದ್ದಿನ ರೇಸು ಮುಗಿದಿರುತ್ತದೆ. ಫೋನು ಮಾಡದೆ ಬರೆಯುತ್ತಿರುವುದು ಅದಕ್ಕೇ.

ಪಕ್ಕದ ಮನೆಯ ದರ್ಜಿ ಕೇಳಿದ: ‘ಸರ್, ಈಜು, ಸೈಕಲ್, ಓಟ ಮೂರೂ ಇದೆ ಅಂದಿದ್ರಿ. ಕೆರೆಯಿಂದ ಎಲ್ಲರಿಗಿಂತ ಮುಂಚೆ ಎದ್ದು ಬಂದ್ಲಲ್ಲ, ಆಮೇಲೆ ಎಲ್ಲಿ ಹೋದ್ಲು? ಸೈಕಲ್ ಪಂಕ್ಚರಾ?’ ಹೌದೆಂದೆ. ನಿಜ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ.

ಶನಿವಾರ ನಿನ್ನ ಹೋಟೆಲ್ ಕೋಣೆಯಲ್ಲಿ ನೀನು ಗೋಡೆಗೆ ಅಂಟಿಸಿದ್ದ ಕ್ಯಾಲೆಂಡರ್ ನೋಡಿದಾಗಲೇ ನನಗೆ ಹೊಳೆಯಬೇಕಿತ್ತು. ಸಂಬಳ ಕೊಡುವ ಹೊಸ ಲೀಗಿನ ರೇಸುಗಳಿಗೆ ಕೆಂಪು ಚುಕ್ಕೆ, ವಿಶ್ವ ಚಾಂಪಿಯನ್‌ಶಿಪ್ಪಿಗೆ ಅಂಕ ಕೊಡುವ ಹಳೆಯ ಸರಣಿಗೆ ನೀಲಿ ವೃತ್ತ. ನಮ್ಮ ಕೆರೆಯ ರೇಸಿಗೆ ಒಂದು ಸಣ್ಣ ಕೆಂಪು ಚುಕ್ಕೆ. ಮುಂದಿನ ಭಾನುವಾರಕ್ಕೆ ಪೆನ್ನು ಒತ್ತಿ ಒತ್ತಿ ಬರೆದ ನೀಲಿ ವೃತ್ತ.

ಮರುದಿನ ಸೈಕಲ್ ನಿಲ್ಲಿಸಿದ್ದ ಬೇಲಿಯ ಬಳಿ ನಾನಿದ್ದೆ. ನೀನು ನೀರು ಸುರಿಸುತ್ತ ಬಂದೆ, ಸಮಯ ಅಳೆಯಲು ಕಾಲಿಗೆ ಕಟ್ಟಿದ್ದ ಚಿಪ್ ಬಿಚ್ಚಿ ಅಧಿಕಾರಿಯ ಕೈಗಿಟ್ಟೆ, ಟವೆಲ್ ಹೊದ್ದು ಹೊರಟೇಬಿಟ್ಟೆ. ಏದುಸಿರೂ ಬಿಡುತ್ತಿರಲಿಲ್ಲ. ಏನಾಯಿತೆಂದು ಗಾಬರಿಯಾಗಿ ಓಡಿ ಬಂದರೆ ನಿನ್ನ ಮ್ಯಾನೇಜರ್ ಅಡ್ಡ ನಿಂತು ನಕ್ಕ. ‘ಏನೂ ಆಗಿಲ್ಲ ಸರ್. ಸ್ಟಾರ್ಟ್ ಮಾಡ್ಬೇಕು ಅಂತ ಮಾತ್ರ ಕರಾರಿನಲ್ಲಿದೆ. ಮುಗಿಸ್ಬೇಕು ಅಂತ ಎಲ್ಲೂ ಇಲ್ಲ. ಕಾಲು ಮುಂದಿನ ಭಾನುವಾರಕ್ಕೆ ಉಳೀಲಿ.’

ಎಷ್ಟು ಬುದ್ಧಿವಂತರಪ್ಪ ನೀವೆಲ್ಲ! ಅವತ್ತು ಹೀಗೆ ನೀರಿನಿಂದೆದ್ದು ಮಾಯವಾದವಳು ನೀನೊಬ್ಬಳೇ ಅಲ್ಲ. ರಸ್ತೆಯುದ್ದಕ್ಕೂ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಬಾರದ ಸೈಕಲ್ಲುಗಳಿಗಾಗಿ ಕಾಯುತ್ತಿದ್ದರು. ಲೀಗಿನ ಅಧ್ಯಕ್ಷರು ವೇದಿಕೆಯ ಮೇಲೆ ‘ದಾಖಲೆ ಸಂಖ್ಯೆಯ ತಾರೆಯರು’ ಎಂದು ಕೊಚ್ಚಿಕೊಳ್ಳುತ್ತಿದ್ದರು. ಇದೇ ಮಹಾಶಯರು ಹಳೆಯ ಸರಣಿಯ ಕಾರ್ಯದರ್ಶಿಯಾಗಿದ್ದಾಗ, ‘ಆಟಗಾರರನ್ನು ಕೊಳ್ಳುವವರಿಗೆ ಈ ಆಟದಲ್ಲಿ ಜಾಗವಿಲ್ಲ’ ಎಂದು ಪುರಭವನದಲ್ಲಿ ಮೇಜು ಕುಟ್ಟಿದ್ದರು. ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ ದಡ್ಡರಲ್ಲಿ ನಾನೂ ಒಬ್ಬ. ಅವರು ಮರೆತಿರಬಹುದು, ನಾನು ಮರೆತಿಲ್ಲ. ಹಳೆಯ ಸರಣಿಯವರೇನು ಸಾಚಾಗಳೇ? ಲೀಗಿಗೆ ಕಲ್ಲು ಹಾಕಲೆಂದೇ ತಮ್ಮ ರೇಸನ್ನು ಮರುವಾರಕ್ಕೆ ತಂದಿಟ್ಟರು. ಇವರಿಬ್ಬರ ಜಗಳದಲ್ಲಿ ನೀನು ಎರಡೂ ಕಡೆ ಹಾಜರಿ ಹಾಕುವ ಗುಮಾಸ್ತೆಯಾದೆ.

‘ಅಪ್ಪಾ, ಇದು ಕೆಲಸ, ನಿಂಗೆ ಅರ್ಥ ಆಗಲ್ಲ’ ಎಂದೆ, ಕಾರಿನ ಗಾಜು ಇಳಿಸಿ. ಅರ್ಥವಾಗಿದೆ ತಾಯಿ. ಚಳಿಗಾಲದೊಳಗೆ ಅಮ್ಮನ ಕಣ್ಣಿನಲ್ಲಿ ಉಳಿದಿರುವ ಬೆಳಕೂ ಹೋಗುತ್ತದೆಂದು ಡಾಕ್ಟರು ಹೇಳಿದ್ದು ನಿನಗೆ ಗೊತ್ತಿತ್ತು. ‘ನಮ್ಮ ತಂಡದ್ದು ಕಿತ್ತಳೆ ಬಣ್ಣ ಅಮ್ಮಾ, ನಾನು ಗೆರೆ ದಾಟೋದು ನಿಂಗೆ ಖಂಡಿತ ಕಾಣತ್ತೆ’ ಎಂದವಳೂ ನೀನೇ. ಅದು ಯಾವ ಬಣ್ಣದ ಚುಕ್ಕೆಯಲ್ಲಿತ್ತು?

ಇರಲಿ. ನಿನ್ನ ಕಾಲಿಗೆ ನೋವು ತಟ್ಟದಿರಲಿ. ಯಾರಾದರೂ ನಿನಗಾಗಿ ಕಾಯುತ್ತಿರುವ ಗೆರೆಯನ್ನು ಒಮ್ಮೆಯಾದರೂ ದಾಟುವ ಮನಸ್ಸು ನಿನಗೆ ಬರಲಿ.

ನಿನ್ನ
ಅಪ್ಪ

ಮರೆತ ಮಾತು: ಗೆರೆಯ ಬಳಿ ಅಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ನಿಮ್ಮ ತಂಡದ ಇನ್ನೊಬ್ಬ ಹುಡುಗಿ, ಅದೇ ಕಿತ್ತಳೆ ಬಟ್ಟೆಯವಳು, ಕುಂಟುತ್ತ ಬಂದಳು. ‘ಬಂದ್ಲೇನ್ರೀ?’ ಎಂದು ಅಮ್ಮ ನನ್ನ ತೋಳು ಹಿಡಿದಳು. ‘ಬಂದ್ಲು ನೋಡು’ ಎಂದುಬಿಟ್ಟೆ. ಎದ್ದು ನಿಂತು, ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದಳು. ಸುಳ್ಳು ದಕ್ಕಿತೆಂದುಕೊಂಡಿದ್ದೆ. ನಿನ್ನೆ ಬಟ್ಟೆ ಮಡಚುತ್ತ ಹೇಳಿದಳು: ‘ನಮ್ಮವಳ ಹೆಜ್ಜೆ ಸದ್ದು ನಂಗೆ ಗೊತ್ತಿಲ್ವೇನ್ರೀ? ಆ ಹುಡುಗಿಗೆ ಅಂತ ಯಾರೂ ಬಂದಿರ್ಲಿಲ್ಲ ಅನ್ಸತ್ತೆ, ಒಬ್ರೂ ಕೂಗ್ಲಿಲ್ಲ. ಅದಕ್ಕೇ ತಟ್ಟಿದೆ. ಇವಳಿಗೆ ಹೇಳೋಕೆ ಹೋಗ್ಬೇಡಿ, ಭಾನುವಾರ ಓಡ್ಬೇಕಲ್ಲ ಪಾಪ.’