ಲಿಲ್ಲಿ ಬಾಯಿಯ ಗದ್ದೆಯ ತೆನೆ

ಪ್ರೀತಿಯ ಲಿಲ್ಲಿ ಬಾಯಿ,

ನೀವು ಹೋದ ಮೇಲೆ ನಮ್ಮ ಪೈವಳಿಕೆಯಲ್ಲಿ ಎಂತೆಲ್ಲ ಆಯಿತು ಗೊತ್ತುಂಟಾ? ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ!

ಮೊದಲು ನೆನಪಾಗುವುದು ಹೊಸ ಅಕ್ಕಿ ಉಣ್ಣುವ ಹೊಸ್ತಿನ ಬೆಳಿಗ್ಗೆ. ಉಳಿದವರೆಲ್ಲ ಗದ್ದೆ ತೆಗೆದು ತೋಟ ಮಾಡಿದ್ದರು, ಭತ್ತ ಇದ್ದದ್ದು ನೆರೆಮನೆಯ ನಿಮ್ಮಲ್ಲಿ ಮಾತ್ರ. ಮಾತೆ ಮೇರಿಯ ಮೊಂತಿ ಹಬ್ಬಕ್ಕೆ ಇಗರ್ಜಿಗೆ ಒಂದು ಹೊರೆ ತೆನೆ, ಹೊಸ್ತಿಗೆ ನಮ್ಮ ಮನೆಗೆ ಒಂದು ಹಿಡಿ. ಮಡಿಯ ನಮ್ಮ ಅಜ್ಜಿ ನಿಮ್ಮನ್ನು ಅಂಗಳದಲ್ಲೇ ನಿಲ್ಲಿಸಿ, ತೆನೆಯನ್ನು ಮಾತ್ರ ದೇವರ ಕೋಣೆಗೆ ಒಯ್ಯುತ್ತಿದ್ದರು. ಒಂದು ವರ್ಷ ನನಗೆ ಸಿಟ್ಟು ನೆತ್ತಿಗೇರಿತ್ತು. ನೀವೋ, ನಕ್ಕುಬಿಟ್ಟಿರಿ. "ಇರಲಿ ಮಗಾ. ನಾನು ಹೊರಗೆ ನಿಂತರೆ ಎಂತ, ನನ್ನ ಭತ್ತ ಒಳಗೆ ಹೋಯಿತಲ್ಲ!"

ಕಾಸರಗೋಡಿನ ಕಾಲೇಜಿನಲ್ಲಿ ಒಮ್ಮೆ ಸಮಾಜಶಾಸ್ತ್ರದ ಸರ್ ಕೇಳಿದರು, "ಧರ್ಮ ಜನರನ್ನು ಕೂಡಿಸುತ್ತದಾ, ಬೇರೆ ಮಾಡುತ್ತದಾ?" ಕ್ಲಾಸು ಎರಡು ಪಕ್ಷವಾಗಿ ಜಗಳಕ್ಕೆ ನಿಂತಿತು. ನಾನು ಎದ್ದು ನಿಮ್ಮ ಕಥೆ ಹೇಳಿದೆ. ಎರಡೂ ಮಾಡುತ್ತದೆ ಸರ್, ಒಂದೇ ಅಂಗಳದಲ್ಲಿ, ಒಂದೇ ಬೆಳಿಗ್ಗೆ. ದೇವರು ಬೇರೆ ಬೇರೆ, ಆದರೆ ಹೊಸ ಭತ್ತವನ್ನು ದೇವರಿಗೆ ತೋರಿಸದೆ ಉಣ್ಣಬಾರದೆಂಬ ಕಟ್ಟಳೆ ಎರಡು ಮನೆಗೂ ಒಂದೇ. ಆ ಕಟ್ಟಳೆ ಇಲ್ಲದಿದ್ದರೆ ನಮಗೆ ಲಿಲ್ಲಿ ಬಾಯಿ ಯಾಕೆ ಬೇಕಿತ್ತು? ನಿಮ್ಮ ನೆರೆಯವಳೆಂದು ಆವತ್ತು ನನಗೆ ಎಷ್ಟು ಹೆಮ್ಮೆ ಅಂತೀರಿ!

ನೀವು ತೀರಿಕೊಂಡಾಗ ಬೊಂಬಾಯಿಯಿಂದ ಬಂದ ನಿಮ್ಮ ಮಗ ವಿನ್ಸೆಂಟಣ್ಣ, "ಇನ್ನು ಗದ್ದೆ ಎಂತಕ್ಕೆ? ಅಡಿಕೆ ಹಾಕುವ" ಎಂದ. ಇನ್ನು ಎರಡು ಮನೆಗೂ ತೆನೆ ಎಲ್ಲಿಂದ? ನಾನು ಬಾಯಿ ಬಿಡುವ ಮೊದಲೇ ಬೇಲಿಯಾಚೆಯಿಂದ ಅಜ್ಜಿ ಶುರು ಮಾಡಿದರು. "ಹಾಕು ಮಾರಾಯ, ಹಾಕು. ಹಬ್ಬದ ದಿನ ನಿನ್ನ ಮಾತೆಯ ಮುಂದೆ ಎಂತ ಇಡ್ತಿ, ಅಡಿಕೆಯ ಗೊನೆಯಾ? ನಮ್ಮ ದೇವರಿಗೆ ಎಂತ ಇಡುವುದು?" ಪಾಪ, ಅವನು ತಲೆ ತುರಿಸಿಕೊಂಡು ಒಂದು ಗದ್ದೆಯನ್ನು ನಮಗೇ ಬಿಟ್ಟುಹೋದ.

ಮಳೆ ಹಿಡಿದಾಗ ನಾಟಿಗೆ ನಾನೇ ಇಳಿದೆ. ಸಾಲೆಲ್ಲ ಸೊಟ್ಟ. ನೀವಿದ್ದಿದ್ದರೆ ಬೈದು ಮೇಲೆ ಹತ್ತಿಸುತ್ತಿದ್ದಿರೋ, ಅಥವಾ ನಕ್ಕುಬಿಡುತ್ತಿದ್ದಿರೋ. ಆದರೂ ಗದ್ದೆ ತುಂಬ ತೆನೆ ಬಂತು ಬಾಯಿ!

ಇವತ್ತು ಮೊಂತಿ ಹಬ್ಬ. ಹೊರೆ ಒಯ್ಯಲು ನಿಮ್ಮ ಮನೆಯಲ್ಲಿ ಯಾರೂ ಇಲ್ಲ. ನಾನು ಹೊರಟರೆ ಅಜ್ಜಿ ನನ್ನ ಕೈಯಿಂದ ಕಿತ್ತುಕೊಂಡು, ತಾವೇ ತಲೆಯ ಮೇಲಿಟ್ಟು ನಡೆದರು. ಇಗರ್ಜಿಯ ಮೆಟ್ಟಿಲಲ್ಲಿ ಹೊಸ ಫಾದರ್ ಕೇಳಿದರು, "ಯಾವ ಮನೆಯವರು ಅಮ್ಮಾ?"

ಅಜ್ಜಿ ಹೇಳಿದರು, "ಲಿಲ್ಲಿಯ ಮನೆಯವರು."