ಮೂರನೆಯ ಡ್ರಮ್ಮಿನ ಜಾಗ

ಜೂಟರ್‌ಮೀರ್
೧೧ ಜುಲೈ ೨೦೨೧, ಭಾನುವಾರ

ನನ್ನ ಬಂಗಾರದಂಥ ಸೌಜನ್ಯಾಳಿಗೆ ಅವ್ವನ ಮುತ್ತುಗಳು,

ಪತ್ರ ಕಂಡು ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿದ್ದೇವೆ. ನಿಮ್ಮಪ್ಪನಿಗೆ ಎರಡನೆಯ ಡೋಸ್ ಆಯಿತು. ಮೈಕೈ ನೋವು ಎಂದು ಒಂದಿಡೀ ದಿನ ರಾಜನಂತೆ ಮಲಗಿ, ನನ್ನಿಂದ ಎರಡೆರಡು ಸಲ ಗಂಜಿ ಮಾಡಿಸಿಕೊಂಡು ಕುಡಿದು ಎದ್ದರು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಆಮೇಲೆ ಒಟ್ಟಿಗೇ ಸುಮ್ಮನಾಗುತ್ತೇವೆ. ಸಿಟ್ಟು ಬಂದರೆ ನೀನು ಡಚ್ಚಿಗೆ ಇಳಿಯುತ್ತೀ, ನಾನು ಬಾಗಲಕೋಟೆಗೆ ಇಳಿಯುತ್ತೇನೆ. ಪತ್ರದಲ್ಲಾದರೆ ನಾನೊಬ್ಬಳೇ ಮಾತಾಡಬಹುದು, ಅದು ನನಗೆ ಇಷ್ಟ ಎಂದು ನಿನಗೆ ಗೊತ್ತೇ ಇದೆ. ನಿಧಾನವಾಗಿ ಓದು. ಒತ್ತಕ್ಷರ ತೊಡಕಾದರೆ ಬಾಯಿಬಿಟ್ಟು ಓದು, ಚಿಕ್ಕವಳಿದ್ದಾಗ ಓದುತ್ತಿದ್ದ ಹಾಗೆ.

ಮೊದಲು ಕೆಲಸದ ಮಾತು. ಇದು ನೀವೆಲ್ಲ ಸಾಲಾಗಿ ನಡೆಯುತ್ತ ಡ್ರಮ್ ಬಾರಿಸುತ್ತಿದ್ದ ನಿನ್ನ ಹಳೆಯ ತಂಡ, ಡ್ರಮ್ ಕೋರ್‌ನ ಹಿರಿಯರು, ಯಾಪ್, ಹೇಳಿ ಬರೆಸುತ್ತಿರುವ ಪತ್ರ. ಸೆಪ್ಟೆಂಬರ್ ಕೊನೆಯಲ್ಲಿ ಸ್ಪರ್ಧೆ ನಡೆಯುವುದು ಖಚಿತವಾಗಿದೆಯಂತೆ. ಎರಡು ಬೇಸಿಗೆ ಕಾದ ಮೇಲೆ ಕೊನೆಗೂ ಒಂದು ಸ್ಪರ್ಧೆ. ಈ ತಿಂಗಳ ಕೊನೆಯೊಳಗೆ ಬಾರಿಸುವವರ ಹೆಸರು ಕಳಿಸಬೇಕು. ಸಾಲಿನಲ್ಲಿ ಐದು ದೊಡ್ಡ ಡ್ರಮ್ಮುಗಳು ಬೇಕು, ನೀನು ಹೋದ ಮೇಲೆ ನಾಲ್ಕೇ ಉಳಿದಿವೆ. ಐದಾಗದಿದ್ದರೆ ಕೋರ್ ಸ್ಪರ್ಧೆಗೆ ಇಳಿಯುವುದಿಲ್ಲ, ಇಳಿಯದಿದ್ದರೆ ಇರುವವರೂ ಬೇರೆ ಬೇರೆ ಊರಿನ ಕೋರ್‌ಗಳಿಗೆ ಚದುರಿಹೋಗುತ್ತಾರೆ ಎಂಬುದು ಅವರ ಚಿಂತೆ. ಮೂರನೇ ತಾರೀಖಿನ ಶನಿವಾರ ನನ್ನನ್ನು ಪಕ್ಕಕ್ಕೆ ಕರೆದು, ಸೌಜನ್ಯಾಳಿಗೆ ನೀವೇ ಬರೆಯಿರಿ, ತಾಯಿಯ ಮಾತು ಕೇಳುತ್ತಾಳೆ ಎಂದರು. ನಗು ತಡೆಯಲಾಗಲಿಲ್ಲ. ನೀನು ನನ್ನ ಮಾತು ಕೇಳಿದ್ದು ಯಾವ ಕಾಲದಲ್ಲಿ? ಆದರೂ ಬರೆಯುತ್ತೇನೆಂದು ಮಾತು ಕೊಟ್ಟೆ. ಕೊಟ್ಟ ಮಾತಿನಂತೆ ಇಗೋ: ಸೌಜನ್ಯಾ, ವಾಪಸ್ ಬಾ.

ಆಯಿತು, ಯಾಪ್ ಅವರ ಕೆಲಸ ಮುಗಿಯಿತು. ಇನ್ನು ಅವ್ವನ ಪತ್ರ.

ಅಕ್ಟೋಬರ್‌ನಲ್ಲಿ ನೀನು ಊಟದ ನಡುವೆ ವಿಷಯ ಹೇಳಿದೆ. ನಿಮಗೆಲ್ಲ ಡ್ರಮ್ ಕಲಿಸುತ್ತಿದ್ದ ಮಾರ್ಲೂಸ್‌ಳನ್ನು ಆಲ್ಮೆರೆಯ ಕೋರ್ ಕರೆದಿದೆ, ಅವಳು ಹೊರಟಿದ್ದಾಳೆ, ಅವಳ ಜೊತೆ ನೀನೂ, ಬೇರೆ ಸಾಲಿನ ಇನ್ನು ಮೂವರೂ. ಕಲಿಸುವವರು ಕೋರ್ ಬದಲಿಸುವುದು, ಅವರ ಬೆನ್ನ ಹಿಂದೆ ಬಾರಿಸುವವರು ಹೋಗುವುದು ಪ್ರತಿ ವರ್ಷ ನಡೆಯುವುದೇ ಅವ್ವ, ಇದರಲ್ಲಿ ಏನಿದೆ ಎಂದೆ. ನಾನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು, "ಒಂಬತ್ತು ವರ್ಷ ಇಟ್ಕೊಂಡು ಕಲಿಸ್ಯಾರ. ಉಂಡ ಮನಿ ಜಂತಿ ಎಣಸ್ತಿ ಏನು?" ಎಂದು ಕೇಳಿದೆ. ನಿಮ್ಮಪ್ಪ ನಡುವೆ ಬಾಯಿ ಹಾಕಿ, "ಫುಟ್‌ಬಾಲ್‌ನ್ಯಾಗ ವರ್ಷಾ ಟೀಮ್ ಬದಲಸ್ತಾರ, ಅದಕ್ಕ ಯಾರೂ ಊಟ ಬಿಡಂಗಿಲ್ಲ" ಎಂದರು. ನೀನು ಡಚ್ಚಿನಲ್ಲಿ ಏನೋ ಅಂದು ಬಾಗಿಲು ಹಾಕಿಕೊಂಡೆ. ಮುಂದಿನ ವಾರ ಆಲ್ಮೆರೆಯಲ್ಲಿ ರೂಮು. ಯುಗಾದಿಗೆ ಬಂದವಳು ಹೋಳಿಗೆ ತಿಂದು ಕರ್ಫ್ಯೂ ಇದೆ ಎಂದು ಏಳು ಗಂಟೆಗೇ ಬೂಟು ಹಾಕಿಕೊಂಡೆ. ಕರ್ಫ್ಯೂ ಇದ್ದದ್ದು ಹತ್ತಕ್ಕೆ, ತಾಯಿ. ನಮಗೂ ಸುದ್ದಿ ಓದಲು ಬರುತ್ತದೆ.

ನಿನ್ನ ಮೇಲೆ ಬಹಳ ಸಿಟ್ಟಿತ್ತು. ಸುಳ್ಳು ಏಕೆ ಹೇಳಲಿ, ಸಿಟ್ಟಿಗಿಂತ ಹೆಚ್ಚಾಗಿ ಮನೆ ಭಣಗುಡುತ್ತಿತ್ತು. ಚಳಿಗಾಲವಿಡೀ ನಿಮ್ಮಪ್ಪ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪಿನೊಂದಿಗೆ ಮಾತಾಡುತ್ತಿದ್ದರು, ನಾನು ಕೆಳಗೆ ಕುಕ್ಕರಿನೊಂದಿಗೆ.

ಮೇ ತಿಂಗಳಲ್ಲಿ ಹೊರಗೆ ಗುಂಪಾಗಿ ಅಭ್ಯಾಸ ಮಾಡಬಹುದು ಎಂದಾಯಿತು. ಕೋರ್‌ನವರಿಗೆ ನಗರದ ಅಂಚಿನ ಒಂದು ಆಫೀಸಿನ ಪಾರ್ಕಿಂಗ್ ಜಾಗ ಸಿಕ್ಕಿತು. ಆಫೀಸಿನವರೆಲ್ಲ ಮನೆಯಿಂದ ಕೆಲಸ ಮಾಡುತ್ತಿರುವಾಗ ಅಲ್ಲಿ ಕಾರು ನಿಲ್ಲಿಸುವವರು ಯಾರು? ನೆಲದ ಬಿಳಿ ಗೆರೆಗಳೇ ಇವರಿಗೆ ಅಳತೆ, ಒಬ್ಬೊಬ್ಬರಿಗೆ ಒಂದೊಂದು ಗೆರೆ, ಒಂದೂವರೆ ಮೀಟರ್ ಅಂತರಕ್ಕೂ ಸರಿಹೋಯಿತು. ಮೊದಲ ಶನಿವಾರ ನಾನು ಗಿರ್ಮಿಟ್ ಮಾಡಿಕೊಂಡು ಹೋದೆ. ನೀನಿಲ್ಲದ ಮೇಲೆ ಅಲ್ಲಿ ನನಗೇನು ಕೆಲಸ ಎಂದು ನಿಮ್ಮಪ್ಪ ಕೇಳಿದರು. ಪಾಪ, ಅವರಿಗೆ ಗಿರ್ಮಿಟ್ ರುಚಿ ಹತ್ತಿದೆ, ಅದಕ್ಕೆ ಎಂದೆ. ಹೋಗಿದ್ದು ನೀನು ನಿಲ್ಲುತ್ತಿದ್ದ ಜಾಗ ನೋಡಲು.

ನಿನಗೆ ಗೊತ್ತಿರುವುದೇ, ಆದರೆ ನಾನು ಅದನ್ನು ಕಣ್ಣಾರೆ ನೋಡಿದ್ದು ಅಂದೇ. ಯಾರಾದರೂ ಬಿಟ್ಟುಹೋದರೆ ಅವರ ಜಾಗವನ್ನು ಮುಚ್ಚುವುದಿಲ್ಲ. ಉಳಿದವರು ಸಾಲು ತಿರುಗುವಾಗ, ಚೌಕ ಬಿಚ್ಚಿ ಗೆರೆಯಾಗುವಾಗ, ಆ ಖಾಲಿಯನ್ನೂ ಜೊತೆಗೆ ಕರೆದುಕೊಂಡೇ ನಡೆಯುತ್ತಾರೆ. ಹೊರಡುವ ಜಾಗದಲ್ಲಿ ಸೀಮೆಸುಣ್ಣದಿಂದ ನಿನ್ನ ಹೆಸರು. ಎಡಕ್ಕೆ ಎರಡನೆಯ ಡ್ರಮ್ಮಿನ ಹುಡುಗಿ ಲೊಟ್ಟೆ, ಬಲಕ್ಕೆ ನಾಲ್ಕನೆಯದರ ಅಜ್ಜ ಹೆಂಕ್. ನಡುವೆ ಯಾರೂ ಇಲ್ಲ, ಆದರೂ ಇಬ್ಬರೂ ಆ ಜಾಗಕ್ಕೆ ಕಾಲಿಡುವುದಿಲ್ಲ. ನನಗೆ ಕಣ್ಣು ತುಂಬಿ ಬಂತು. ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು.

ನೋಡುವುದಾದರೆ ಹೇಗೋ ನೋಡಬಹುದು, ಕೇಳುವುದು ಕಷ್ಟ. ಮಾರ್ಲೂಸ್ ಬರೆದಿಟ್ಟುಹೋದ ಆ ಓಟವಿದೆಯಲ್ಲ, ಚಿಕ್ಕ ಡ್ರಮ್ಮಿನಿಂದ ದೊಡ್ಡದಕ್ಕೆ ಸದ್ದು ಇಳಿಯುತ್ತ ಹೋಗುವುದು, ಮೆಟ್ಟಿಲ ಮೇಲೆ ಚೊಂಬು ಉರುಳಿದ ಹಾಗೆ. ಮೂರನೆಯ ಮೆಟ್ಟಿಲು ಬಂದಾಗಲೆಲ್ಲ ಚೊಂಬು ಮಾಯ. ಒಂದು ಸಲ, ಎರಡು ಸಲ, ಹತ್ತು ಸಲ. ಒಂಬತ್ತು ವರ್ಷ ನಿನ್ನನ್ನು ಕರೆದುಕೊಂಡು ಹೋಗಿ ಕಾಯುತ್ತ ಕೂತವಳು ನಾನು, ಆ ಏಟು ಎಲ್ಲಿ ಬೀಳಬೇಕೆಂದು ನನ್ನ ಹೊಟ್ಟೆಗೇ ಗೊತ್ತು. ಮೂರನೆಯ ಶನಿವಾರ ತಡೆಯಲಾರದೆ ನಮ್ಮ ಕಾರಿನ ಡಿಕ್ಕಿಯ ಮೇಲೆ ಅಂಗೈಯಿಂದ ಢಂ ಎಂದು ಹೊಡೆದುಬಿಟ್ಟೆ. ಸರಿಯಾಗಿ ಆ ಜಾಗದಲ್ಲೇ.

ಎಲ್ಲರೂ ನಿಂತರು. ಯಾಪ್ ತಿರುಗಿ ನೋಡಿದರು. ಅಯ್ಯೋ ಶಿವನೇ, ಅಭ್ಯಾಸ ಕೆಡಿಸಿದೆನಲ್ಲ ಎಂದು ನಾನು ಗಿರ್ಮಿಟ್ಟಿನ ಡಬ್ಬಿ ಎತ್ತಿಕೊಂಡು ಕಾರು ಹತ್ತಲು ಹೊರಟೆ. ಅವರು ಕೈಯೆತ್ತಿ, ಇನ್ನೊಮ್ಮೆ ಎಂದರು. ಮತ್ತೆ ಓಟ ಬಂತು, ಮತ್ತೆ ಹೊಡೆದೆ. ಲೊಟ್ಟೆ ಚಪ್ಪಾಳೆ ತಟ್ಟಿದಳು. ಯಾಪ್ ವ್ಯಾನಿನಿಂದ ನಿನ್ನ ಡ್ರಮ್ಮನ್ನೇ ಹೊತ್ತು ತಂದರು. ಸೌಜನ್ಯಾ ಬರುವವರೆಗೆ ಆ ಜಾಗದಲ್ಲಿ ಸುಮ್ಮನೆ ನಿಲ್ಲಿ, ಉಳಿದವರಿಗೆ ಅಂತರ ತಿಳಿಯುತ್ತದೆ, ಬೇಕಾದರೆ ಆ ಒಂದು ಏಟು ಹೊಡೆಯಿರಿ ಎಂದರು. ನಾನು ಚೂಡಿದಾರದಲ್ಲಿದ್ದೇನೆ ಎಂದೆ. ನನಗೆ ನಲವತ್ತೇಳು ಎಂದೆ. ಹೆಂಕ್ ತನಗೆ ಅರವತ್ತೆರಡು ಎಂದ.

ಹೀಗೆ ನಿಮ್ಮವ್ವ ಡ್ರಮ್ ಹೊತ್ತಳು, ನಗಬೇಡ. ಮೊದಲ ದಿನ ಎಲ್ಲರೂ ಎಡಗಾಲು ಎತ್ತಿದರೆ ನಾನು ಬಲಗಾಲು ಎತ್ತಿದೆ. ಮನೆ ಹೊಸ್ತಿಲು ದಾಟುವಾಗ ಬಲಗಾಲು ಮೊದಲು ಎಂದು ನಮ್ಮವ್ವ ಕಲಿಸಿದ್ದು ಮೂಳೆಗೆ ಇಳಿದುಬಿಟ್ಟಿದೆ, ಶುಭ ಕೆಲಸಕ್ಕೆ ಯಾರಾದರೂ ಎಡಗಾಲಿಟ್ಟು ಹೊರಡುತ್ತಾರೆಯೇ? ನಾನು ಹಾಗೆ ಹೊರಟು ಹೆಂಕ್‌ನ ಡ್ರಮ್ಮಿಗೆ ಡಿಕ್ಕಿ ಹೊಡೆದು, ಅವನು ಐದನೆಯವನಿಗೆ ಹೊಡೆದು, ಇಡೀ ಸಾಲು ಜೋಲಿ ತಪ್ಪಿತು. ಎರಡು ವಾರ ಲೊಟ್ಟೆ ಪ್ರತಿ ಸಲ ಹೊರಡುವಾಗಲೂ ನನಗೆ ಮಾತ್ರ ಕೇಳುವಂತೆ "ಎಡಾ, ಎಡಾ" ಎಂದು ಕನ್ನಡದಲ್ಲಿ ಹೇಳುತ್ತಿದ್ದಳು. ಅವಳಿಗೆ ನಾನೇ ಕಲಿಸಿದ್ದು. ಮನೆಯಲ್ಲಿ ದಿಂಬಿನ ಮೇಲೆ ಅಭ್ಯಾಸ. ನಿಮ್ಮಪ್ಪ ಮೆಟ್ಟಿಲ ಮೇಲಿಂದ ಬಗ್ಗಿ, "ಪದ್ಮಾ, ಮೀಟಿಂಗ್‌ನ್ಯಾಗ ಅದೀನಿ. ಮಂದಿ ನಮ್ಮ ಮನ್ಯಾಗ ಜಗಳ ನಡದೈತಿ ಅಂತ ತಿಳ್ಕೊಳ್ಳಾಕತ್ತಾರ" ಎನ್ನುತ್ತಾರೆ. ಬೈಯುವುದು ಬೈಯುತ್ತಾರೆ, ಶನಿವಾರ ಬೆಳಗ್ಗೆ ನಾನು ಕೇಳುವ ಮೊದಲೇ ಡ್ರಮ್ಮಿನ ಪಟ್ಟಿ ಒತ್ತದಂತೆ ಹೆಗಲ ಮೇಲೆ ಹಾಕಿಕೊಳ್ಳುವ ಟವೆಲ್ ಮಡಚಿ ಇಡುತ್ತಾರೆ.

ಈಗ ಮುಖ್ಯವಾದ ಮಾತು. ಬಾರಿಸಲು ಹತ್ತಿದ ಮೇಲೆ ನನಗೆ ಒಂದು ವಿಷಯ ತಿಳಿಯಿತು. ಮೂರನೆಯ ಡ್ರಮ್ಮು ಯಾವುದನ್ನೂ ಶುರು ಮಾಡುವುದಿಲ್ಲ, ಯಾವುದನ್ನೂ ಮುಗಿಸುವುದಿಲ್ಲ. ಓಟ ಮೇಲಿನಿಂದ ಬಂದರೂ ನಡುವೆ, ಕೆಳಗಿನಿಂದ ಬಂದರೂ ನಡುವೆ. ನೀನು ಹನ್ನೆರಡನೆಯ ವಯಸ್ಸಿನಿಂದ, ಎಲ್ಲರನ್ನೂ ಮುನ್ನಡೆಸುವ ಆ ಚಿಕ್ಕ ಸ್ನೇರ್ ಡ್ರಮ್ಮಿಗೆ ಹಾತೊರೆಯುತ್ತಿದ್ದೆ. ಒಳ್ಳೆಯ ಮೂರನೆಯವಳು ಸುಲಭಕ್ಕೆ ಸಿಗುವುದಿಲ್ಲ ಎಂದು ಯಾಪ್ ನಿನ್ನನ್ನು ಅಲ್ಲೇ ಇಟ್ಟುಕೊಂಡರು. ನೀನು ಒಳ್ಳೆಯವಳಾಗಿದ್ದದ್ದೇ ನಿನಗೆ ಮುಳುವಾಯಿತು. ಅಲ್ಲಿ ಮಾರ್ಲೂಸ್ ನಿನಗೆ ಸ್ನೇರ್ ಕೊಟ್ಟಿದ್ದಾಳೆ. ನಿಮ್ಮ ಕೋರ್ ಹಾಕಿದ ವಿಡಿಯೋ ನೋಡಿದೆ. ನೀನು ಮೊದಲ ಏಟು ಹೊಡೆದೆ, ಇಪ್ಪತ್ತು ಮಂದಿ ನಿನ್ನ ಹಿಂದೆ ಬಂದರು. ಜಂತಿಯ ಮಾತನ್ನು ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ, ಅದು ಗಾದೆ, ಗಾದೆಯ ತಪ್ಪಲ್ಲ. ಆದರೆ ಆ ವಿಡಿಯೋ ನೋಡಿ ನನಗೆ ಆದ ಹೆಮ್ಮೆ ಇಷ್ಟಿಷ್ಟಲ್ಲ. ನಿಮ್ಮಪ್ಪನನ್ನು ಮೀಟಿಂಗಿನಿಂದ ಎಬ್ಬಿಸಿ ತೋರಿಸಿದೆ.

ನಿನಗೆ ಬೇಸರ ತಂದ ಆ ನಡುವಿನ ಜಾಗ ನನಗೆ ಎಷ್ಟು ಹಿಡಿಸಿದೆ ಎಂದರೆ, ಹೇಳಲು ನಾಚಿಕೆ. ಹತ್ತೊಂಬತ್ತು ವರ್ಷದಿಂದ ಈ ದೇಶದಲ್ಲಿ ನಾನು ಅಂಚಿನಲ್ಲೇ ನಿಂತವಳು. ಶಾಲೆಯ ಗೇಟಿನ ಹೊರಗೆ, ಈಜುಕೊಳದ ಬೆಂಚಿನ ಮೇಲೆ, ನಿಮ್ಮಪ್ಪನ ಆಫೀಸಿನ ಪಾರ್ಟಿಯಲ್ಲಿ ಜ್ಯೂಸಿನ ಲೋಟ ಹಿಡಿದು. ಈಗ ನನ್ನ ಎಡಕ್ಕೆ ಇಬ್ಬರು, ಬಲಕ್ಕೆ ಇಬ್ಬರು. ನಾನು ಹೊಡೆಯದಿದ್ದರೆ ಅವರ ಓಟ ನಿಲ್ಲುತ್ತದೆ. ಯಾಪ್ ಮೊನ್ನೆ, ಸೌಜನ್ಯಾ ಬಂದರೆ ನಿಮಗೆ ಬಿಡುಗಡೆ, ಪಾಪ ಬಹಳ ತೊಂದರೆ ತೆಗೆದುಕೊಂಡಿರಿ ಎಂದರು. ಥ್ಯಾಂಕ್ಸ್ ಎಂದೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಅದಿರಲಿ. ಯಾರದೋ ಸಾಲು ಅರ್ಧಕ್ಕೆ ನಿಂತಿತು ಎಂದು ನೀನು ಹಳೆಯ ಋಣ ತೀರಿಸಲು ಬರಬೇಡ. ಸ್ನೇರ್ ಬಾರಿಸು. ಮಾರ್ಲೂಸ್ ನಾಳೆ ಇನ್ನೊಂದು ಕೋರ್‌ಗೆ ಹೋದರೆ ಅವಳ ಹಿಂದೆ ಹೋಗಬೇಕೋ ಬೇಡವೋ ಎಂದು ಆಗ ನೀನೇ ಯೋಚಿಸು, ನಾನು ರೊಟ್ಟಿ ಕೆಳಗಿಡುವುದಿಲ್ಲ. ಮನೆಗೆ ಮಾತ್ರ ಬಾ. ರೂಮಿನಲ್ಲಿ ಬ್ರೆಡ್ಡು ಚೀಸು ತಿಂದು ಸಣ್ಣಗಾಗಿದ್ದೀ, ವಿಡಿಯೋದಲ್ಲಿ ಕೊರಳ ಮೂಳೆ ಕಾಣುತ್ತಿತ್ತು. ದ ಹೇಗ್‌ನ ಅಂಗಡಿಯಲ್ಲಿ ಜೋಳದ ಹಿಟ್ಟು ಬಂದಿದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡುತ್ತೇನೆ, ಕರ್ಫ್ಯೂ ಈಗ ಎಲ್ಲಿಯೂ ಇಲ್ಲ.

ನಿನ್ನ ನೆನಪಿನಲ್ಲೇ ದಿಂಬು ಬಡಿಯುತ್ತಿರುವ,
ನಿನ್ನವ್ವ
ಪದ್ಮಿನಿ

ತಾ.ಕ.: ಯಾಪ್ ನಿನಗೆ ಫೋನ್ ಮಾಡಿದರೆ, ಬರುವುದಿಲ್ಲ ಎಂದು ಅವ್ವನಿಗೆ ಆಗಲೇ ತಿಳಿಸಿದ್ದೇನೆ ಎನ್ನು. ನಿನ್ನೆ ಅಭ್ಯಾಸ ಮುಗಿದ ಮೇಲೆ, ಬರೆದಿರಾ, ಉತ್ತರ ಬಂತಾ ಎಂದು ಕೇಳಿದರು. ಬಂತು, ಬರುವುದಿಲ್ಲವಂತೆ ಎಂದುಬಿಟ್ಟೆ. ಆಗ ನಾನಿನ್ನೂ ಒಂದು ಸಾಲೂ ಬರೆದಿರಲಿಲ್ಲ. ಅವರು, ಹಾಗಾದರೆ ಸ್ಪರ್ಧೆಗೆ ನಿಮ್ಮ ಹೆಸರೇ ಕಳಿಸಲೇ ಎಂದರು. ಅವರ ಮಾತು ಮುಗಿಯುವ ಮೊದಲೇ ಹೂಂ ಎಂದೆ. ಮೇಲೆ ಬರೆದ ದೊಡ್ಡ ಮನಸ್ಸಿನ ಮಾತುಗಳೆಲ್ಲ ನಿಜ, ಸೌಜೂ, ಆಣೆ ಮಾಡಿ ಹೇಳುತ್ತೇನೆ. ಇದೂ ನಿಜ. ನೀನು ಬಂದು ಕೇಳಿದರೆ ನಿನ್ನ ಡ್ರಮ್ ನಿನಗೆ ಕೊಡದೆ ಇರಲು ನನ್ನಿಂದ ಆಗುವುದಿಲ್ಲ, ಹೆತ್ತ ಕರುಳು. ಅದಕ್ಕೇ ಕೈಮುಗಿದು ಕೇಳುತ್ತೇನೆ, ಬಂದು ಕೇಳಬೇಡ.