ತೆಪ್ಪ ಹೇಳಿದ ‘ಬರ್ತೀನಿ’

ಬೆಲ್ಲದಕೊಪ್ಪಲು, ಮಂಡ್ಯ ಸೀಮೆ
ಪ್ಲವಂಗ ಸಂವತ್ಸರ, ಮಾಘ ಮಾಸ, ಅಮಾವಾಸ್ಯೆ ಮತ್ತು ಹುಣ್ಣಿಮೆ

ಹೆಸರು ತಿಳಿಯದ ಹಿರಿಯರಿಗೆ ಹೊಂಬಾಳಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಈ ಹೆಂಗಸಿಗೆ ತಲೆ ನೆಟ್ಟಗಿಲ್ಲ ಅಂದುಕೊಳ್ಳಬೇಡಿ. ಇದು ನಿಮಗೆ ಹತ್ತಿರದ ಪ್ಲವಂಗವಲ್ಲ, ಅರವತ್ತು ವರ್ಷದ ಚಕ್ರ ಇನ್ನೂ ನಾಲ್ಕು ಸುತ್ತು ತಿರುಗಿದ ಮೇಲೆ ಬರುವ ಪ್ಲವಂಗ. ಒಂದೇ ದಿನ ಅಮಾವಾಸ್ಯೆಯೂ ಹುಣ್ಣಿಮೆಯೂ ಹೇಗೆ ಎಂದರೆ, ನಮ್ಮ ಜನ ಈಗ ಎರಡು ಕಡೆ ಇದ್ದಾರೆ. ನಮಗೆ ಚಂದ್ರ ಕಾಣದ ದಿನ, ಚಂದ್ರನ ಮೇಲಿರುವವರಿಗೆ ಭೂಮಿ ಪೂರ್ತಿ ಬೆಳಗಿ ಕಾಣುತ್ತದೆ. ನಮ್ಮದನ್ನು ಬರೆದು ಅವರದನ್ನು ಬಿಟ್ಟರೆ ನೆಂಟಸ್ತನ ಕೆಡುತ್ತದೆ, ಅದಕ್ಕೇ ಎರಡನ್ನೂ ಬರೆಯುವುದು ರೂಢಿ. ಈ ಕಾಗದದಲ್ಲಿ ನಿಮ್ಮ ಕಿವಿಗೆ ಬೀಳದ ಪದಗಳು ಬರುತ್ತವೆ, ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತವಳು, ಅದೂ ಹಿಂದಿನ ಬೆಂಚಿನಲ್ಲಿ ಕೂತು. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಕಾಗದ ಇಷ್ಟು ವರ್ಷ ಹಿಂದಕ್ಕೆ ಹೇಗೆ ಬಂತು ಎಂದು ಮಾತ್ರ ನನ್ನನ್ನು ಕೇಳಬೇಡಿ, ಅಂಚೆಯವರನ್ನು ಕೇಳಿ.

ನೀವು ಗಂಡಸೋ ಹೆಂಗಸೋ, ಯಾವ ಊರಿನವರೋ ನನಗೆ ತಿಳಿಯದು. ನೀವು ಮಾಡಿದ ಕೆಲಸ ಮಾತ್ರ ಗೊತ್ತು. ನಿಮ್ಮ ಕಾಲದಲ್ಲಿ ಸರ್ವರ್ ನಿಂತರೆ, ನೆಟ್‌ವರ್ಕ್ ಕಡಿದರೆ, ಅವನ್ನು ಕಾಯುವವರ ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಪುಟ್ಟ ಪೆಟ್ಟಿಗೆಯೊಂದು ಟಿಣ್ ಎಂದು ಎದ್ದು ಸುದ್ದಿ ಹೇಳುತ್ತಿತ್ತಲ್ಲ? ನೀವು ಅದನ್ನು ನೋಟಿಫಿಕೇಶನ್ ಎಂದಿರಿ, ನಾವು ಮೂಲೆಕೂಗು ಎನ್ನುತ್ತೇವೆ. ಆ ಪೆಟ್ಟಿಗೆಯ ಮಾತನ್ನು ಮೊದಲು ಕನ್ನಡಕ್ಕೆ ತಂದವರು ನೀವು. ಯಂತ್ರಗಳು ಎಷ್ಟೋ ತಲೆಮಾರು ಬದಲಾದವು. ನಿಮ್ಮ ಪೆಟ್ಟಿಗೆ ಮಾತ್ರ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ನಮ್ಮ ಮೇಜಿನವರೆಗೂ ಬಂದಿದೆ. ನಡೆಯುತ್ತಿರುವುದಕ್ಕೆ ಕೈ ಹಾಕಿ ಕೆಡಿಸುವುದು ಯಾಕೆ ಎಂದು ಒಬ್ಬೊಬ್ಬರೂ ಮುಂದಿನವರಿಗೆ ದಾಟಿಸಿದ್ದಾರೆ, ಅಷ್ಟೇ.

ನಿಜ ಹೇಳುತ್ತೇನೆ, ಈ ಕಾಗದವನ್ನು ನಿಮ್ಮನ್ನು ಬಯ್ಯುವುದಕ್ಕೆಂದೇ ಶುರುಮಾಡಿದ್ದು. ಯಾಕೆಂದು ಹೇಳುವ ಮೊದಲು ನಮ್ಮ ಕೆಲಸದ ಜಾಗವನ್ನು ತೋರಿಸಬೇಕು.

ಸರ್ವರ್‌ಗಳನ್ನು ಇಡುವ ಮನೆಗೆ ನಮ್ಮಲ್ಲಿ ಆಲೆಮನೆ ಎಂದೇ ಹೆಸರು. ನಿಮ್ಮವರು ಯಂತ್ರ ಕಾಯುತ್ತದೆ ಎಂದು ಕೋಣೆಗೆ ತಂಪು ಊದಿ, ಆ ಬಿಸಿಯನ್ನು ಬೀದಿಗೆ ಬಿಡುತ್ತಿದ್ದರಂತೆ. ಕೇಳಿದರೆ ನಮ್ಮ ಮಕ್ಕಳು ನಗುತ್ತಾರೆ. ನಮ್ಮ ಯಂತ್ರಗಳ ನೆತ್ತಿಯ ಮೇಲೆ ಕೊಪ್ಪರಿಗೆಗಳು ಕೂತಿವೆ. ಲೋಕದ ಲೆಕ್ಕ, ಪಾಠ, ಹರಟೆ, ಜಗಳ ಎಲ್ಲ ಕೆಳಗೆ ಓಡುತ್ತಿದ್ದರೆ ಮೇಲೆ ಕಬ್ಬಿನ ಹಾಲು ಕುದಿಯುತ್ತದೆ. ದೊಡ್ಡ ಹಬ್ಬದ ದಿನ ಎಲ್ಲರೂ ಎಲ್ಲರಿಗೂ ಶುಭಾಶಯ ಕಳಿಸುತ್ತಾರಲ್ಲ, ಅವತ್ತು ಬೆಲ್ಲ ಬೇಗ ಹದಕ್ಕೆ ಬರುತ್ತದೆ. ಯಂತ್ರ ನಿಂತಿದೆಯೋ ಎದ್ದಿದೆಯೋ ತಿಳಿಯಲು ನಾವು ಪರದೆ ನೋಡಬೇಕಾಗಿಲ್ಲ, ಕೊಪ್ಪರಿಗೆ ನೋಡಿದರೆ ಸಾಕು. ಪರದೆಯನ್ನೂ ಕಬ್ಬಿನ ಸಿಪ್ಪೆಯಿಂದಲೇ ಮಾಡುತ್ತೇವೆ. ಕಣ್ಣಿಗೆ ಹಿತ, ಆದರೆ ಇರುವುದು ಬೆಲ್ಲದ ಬಣ್ಣ ಒಂದೇ. ನಿಮ್ಮ ಪೆಟ್ಟಿಗೆ ಕೆಟ್ಟ ಸುದ್ದಿಗೆ ಕೆಂಪು, ಒಳ್ಳೆಯದಕ್ಕೆ ಹಸಿರು ಆಗುತ್ತಿತ್ತಂತೆ. ನಮ್ಮಲ್ಲಿ ಆ ಅನುಕೂಲ ಇಲ್ಲ, ಪೆಟ್ಟಿಗೆ ಏನು ಹೇಳುತ್ತದೋ ಅದನ್ನೇ ನಂಬಬೇಕು.

ಅಲ್ಲಿಯೇ ನೀವು ಎಡವಟ್ಟು ಮಾಡಿರುವುದು. ಯಂತ್ರ ನಿಲ್ಲುವಾಗ ‘ಹೋಗ್ತೀನಿ’ ಎಂದು ಬರೆಯಬೇಕಿತ್ತು. ನೀವು ನಮ್ಮವರೇ ನೋಡಿ, ಮನಸ್ಸು ಬರಲಿಲ್ಲ. ಮನೆಯಿಂದ ಹೊರಡುವವರು ಹಾಗೆ ಅನ್ನಬಾರದಲ್ಲ, ಅದಕ್ಕೇ ‘ಹೋಗಿ ಬರ್ತೀನಿ’ ಎಂದು ಬರೆದಿರಿ. ನಿಂತ ಯಂತ್ರ ಮತ್ತೆ ಶುರುವಾದಾಗ ‘ಎದ್ದು ಬರ್ತೀನಿ’ ಎಂದಿರಿ. ಎರಡೂ ಚೆನ್ನಾಗಿದ್ದವು. ಆದರೆ ಪೆಟ್ಟಿಗೆ ಚಿಕ್ಕದು, ನಮ್ಮ ಅಕ್ಷರಗಳು ಮೈ ಕೈ ತುಂಬಿಕೊಂಡವು, ಹಿಡಿಸಲಿಲ್ಲ. ನೀವು ಕತ್ತರಿ ತೆಗೆದು ಎರಡರಲ್ಲೂ ಮೊದಲ ಪದವನ್ನೇ ಕತ್ತರಿಸಿದಿರಿ. ಉಳಿದದ್ದು ‘ಬರ್ತೀನಿ’. ಹೋಗುವಾಗಲೂ ಬರ್ತೀನಿ, ಬರುವಾಗಲೂ ಬರ್ತೀನಿ! ಊಟಕ್ಕೆ ಹೊತ್ತಾಗಿತ್ತೋ ಏನೋ ನಿಮಗೆ.

ಕೊಪ್ಪರಿಗೆ ಕಣ್ಣ ಮುಂದಿರುವ ತನಕ ಇದರಿಂದ ನಮಗೆ ತೊಂದರೆ ಆಗಿರಲಿಲ್ಲ. ಪೆಟ್ಟಿಗೆ ಎದ್ದ ಕೂಡಲೇ ಕೊಪ್ಪರಿಗೆಯತ್ತ ಕತ್ತು ತಿರುಗಿಸುತ್ತೇವೆ, ಮೇಜಿನ ಮೇಲಿನ ಎರಡು ಗುಂಡಿಗಳಲ್ಲಿ ಒಂದನ್ನು ಒತ್ತುತ್ತೇವೆ. ಒಂದು ‘ಬಂತು’, ಇನ್ನೊಂದು ‘ಹೋಯ್ತು’. ಮೂಲೆಕೂಗು ಎರಡನೇ ಸಲ ಕೂಗುವಂತೆ ಮಾಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿದಂತೆ ಅದು.

ಈಗ ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಚೆಲುವಾಂಬೆ, ನಾವು ಕರೆಯುವುದು ಚೆಲುವಿ. ಚಂದ್ರನ ಮೇಲೆ ನಮ್ಮ ಕಡೆಯವರು ಕಟ್ಟಿಕೊಂಡ ಊರು ಚಂದ್ರನಕೊಪ್ಪಲು. ಅವಳು, ಅವಳ ಗಂಡ ಇಬ್ಬರೂ ಅಲ್ಲಿನ ತಣ್ಣೆಳಲಿನಲ್ಲಿ ಇಟ್ಟಿರುವ ಯಂತ್ರಗಳನ್ನು ನೋಡಿಕೊಳ್ಳುತ್ತಾರೆ. ಹೋದ ವರ್ಷ ಅವಳಿಗೆ ದಿನ ತುಂಬುತ್ತಾ ಬಂತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಈ ಮಾತು ಚಂದ್ರನಿಗೆ ಹೋದರೂ ಬದಲಾಗಲಿಲ್ಲ. ಅಲ್ಲಿಂದ ಇಲ್ಲಿಗೆ ಜನರನ್ನು ತರುವ ಹಡಗಿಗೆ ನಾವು ತೆಪ್ಪ ಎನ್ನುತ್ತೇವೆ. ವೈದ್ಯರು ಈ ತೆಪ್ಪ ತಪ್ಪಿದರೆ ಮುಂದಿನದಕ್ಕೆ ಹತ್ತಿಸುವುದಿಲ್ಲ ಎಂದು ಖಡಾಖಂಡಿತ ಹೇಳಿದ್ದರು. ಅವಳು ಹತ್ತಿ ಹೊರಟಳು. ನಾನು ಮನೆ ಸಾರಿಸಿದೆ, ಹಳೇ ಸೀರೆಗಳನ್ನು ಒಗೆದು ಮಡಚಿದೆ, ಕೊಬ್ಬರಿ ಹಾಕಿ ಅಚ್ಚುಬೆಲ್ಲ ಮಾಡಿಟ್ಟೆ. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ತೆಪ್ಪದ ಯಂತ್ರ ದಾರಿಯುದ್ದಕ್ಕೂ ಮಲಗಿರುತ್ತದೆ, ಇಳಿಯುವ ಮೊದಲು ಏಳುತ್ತದೆ. ಎದ್ದರೆ ತಾನೇ ಹೇಳುತ್ತದೆ. ಏಳಲಾಗದೆ ಕೆಟ್ಟರೆ ಅದರ ಪಕ್ಕದ ಕಾವಲು ಯಂತ್ರ ಅದರ ಪರವಾಗಿ ಹೇಳುತ್ತದೆ. ಕೆಳಗೆ ಕೂತವರು ‘ಬಂತು’ ಒತ್ತಿದರೆ ಇಳಿಯುವ ಬಯಲು ತೆರೆಯುತ್ತದೆ. ‘ಹೋಯ್ತು’ ಒತ್ತಿದರೆ ಆ ಕಾವಲು ಯಂತ್ರವೇ ತೆಪ್ಪವನ್ನು ಚಂದ್ರನ ಕಡೆಗೆ ಹಿಂತಿರುಗಿಸುತ್ತದೆ. ಒಂದು ಕೊಪ್ಪರಿಗೆ ಪಾಕಕ್ಕೆ ಬರುವಷ್ಟರೊಳಗೆ ಉತ್ತರ ಹೋಗದಿದ್ದರೂ ಹಿಂತಿರುಗುತ್ತದೆ. ಸಾಮಾನ್ಯವಾಗಿ ತೆಪ್ಪದವರೇ ಬಾಯಿಬಿಟ್ಟು ಮಾತಾಡುವುದರಿಂದ ಅನುಮಾನಕ್ಕೆ ಎಡೆಯಿಲ್ಲ. ಅವತ್ತು ಬೆಳಿಗ್ಗೆ ಸೂರ್ಯನ ಕಡೆಯಿಂದ ಗಾಳಿ ಜೋರಾಗಿ ಮಾತಿನ ತಂತು ಕಡಿದಿತ್ತು. ಬರುತ್ತಿದ್ದದ್ದು ಮೂಲೆಕೂಗುಗಳು ಮಾತ್ರ. ಕಾವಲಿನ ಸರದಿ ನನ್ನದು.

ಟಿಣ್ ಎಂದಿತು. ತೆಪ್ಪ: ಬರ್ತೀನಿ.

ನನ್ನ ಕೈ ತಾನಾಗಿಯೇ ‘ಬಂತು’ ಗುಂಡಿಯ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಒತ್ತುವವಳು ಕಾವಲಿನವಳೋ ತಾಯಿಯೋ? ನಾನು ಬಯಸಿದ್ದನ್ನೇ ಓದುತ್ತಿದ್ದೇನೇನೋ ಎಂದು ಹೆದರಿಕೆಯಾಯಿತು. ಯಂತ್ರ ಕೆಟ್ಟಿದ್ದು ನಾನು ಬಯಲು ತೆರೆದರೆ ತೆಪ್ಪ ಕಣ್ಣು ಮುಚ್ಚಿಕೊಂಡು ಬಂದು ಬೀಳುತ್ತದೆ. ಯಂತ್ರ ಸರಿಯಿದ್ದು ನಾನು ಹಿಂದಕ್ಕೆ ಕಳಿಸಿದರೆ ಚೆಲುವಿ ನಾನಿಲ್ಲದೆ ಹೆರಬೇಕು. ತಿರುಗಿ ನೋಡೋಣವೆಂದರೆ ತೆಪ್ಪದ ಮೇಲೆ ಕೊಪ್ಪರಿಗೆ ಇಲ್ಲ. ಆಗಲೇ ನಾನು ನಿಮ್ಮನ್ನು ಬಯ್ಯಲು ಶುರುಮಾಡಿದ್ದು. ನಿಮ್ಮ ಕತ್ತರಿಗೆ, ನಿಮ್ಮ ಚಿಕ್ಕ ಪೆಟ್ಟಿಗೆಗೆ, ನಿಮ್ಮ ವಂಶಕ್ಕೆ ಸರಿಯಾಗಿ ಮಂಗಳಾರತಿ ಮಾಡಿದೆ.

ನನಗಿಂತ ಮೊದಲು ಕಾವಲಿದ್ದವರು ಜವರಣ್ಣ. ಅವರ ಸರದಿ ಮುಗಿದು ಬಹಳ ಹೊತ್ತಾಗಿತ್ತು, ಆದರೆ ಜವರಣ್ಣ ಹೊರಡುವುದು ಎಂದರೆ ಅದೊಂದು ಸಂಭ್ರಮ. ಕುರ್ಚಿಯಿಂದ ಎದ್ದಾಗಲೇ “ಬತ್ತೀನಿ ಕಣವ್ವ” ಎಂದಿದ್ದರು. ಬಾಗಿಲಲ್ಲಿ ನಿಂತು ಬೆಲ್ಲದ ಹದದ ಬಗ್ಗೆ ಒಂದು ಭಾಷಣ ಮಾಡಿ ಮತ್ತೆ “ಬತ್ತೀನಿ” ಎಂದಿದ್ದರು. ಈಗ ಕೊಡೆ ಮರೆತೆ ಎಂದು ವಾಪಸ್ ಬಂದು, ಕೊಡೆ ಕಂಕುಳಲ್ಲಿ ಸಿಕ್ಕಿಸಿಕೊಂಡು, ನನ್ನ ಮುಖವನ್ನೂ ನೋಡದೆ “ಬತ್ತೀನಿ ಕಣವ್ವ, ಮಗಳು ಬಂದ್ರೆ ಒಂದ್ ಕೂಗಾಕು” ಎಂದರು. ನನಗೆ ರೇಗಿಹೋಯಿತು. “ಒಂದ್ಸಾರಿ ಹೇಳಿ ಹೋಗಕಾಗಲ್ವಾ ಜವರಣ್ಣ ನಿಂಗೆ?” ಎಂದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ಬರೋನು ಒಂದ್ಸಾರಿ ಹೇಳುದ್ರೆ ಸಾಕು ಕಣವ್ವ, ಬಂದೇ ಬತ್ತಾನಲ್ಲ. ಹೋಗೋನು ನಾಕ್ ಸಾರಿ ಹೇಳ್ಬೇಕು. ಇಲ್ದಿದ್ರೆ ಹೋದ ಅಂತ ಯಾರ್ಗೂ ಗೊತ್ತೇ ಆಗಕಿಲ್ಲ” ಎಂದರು.

ನನಗೆ ಥಟ್ಟನೆ ಮಂಗಗಳ ನೆನಪಾಯಿತು. ಹಿಂದೊಮ್ಮೆ ಮಂಗಗಳು ಬೆಲ್ಲಕ್ಕೆ ನುಗ್ಗಿದಾಗ ನಾವೆಲ್ಲ ಮೇಜು ಬಿಟ್ಟು ಕೋಲು ಹಿಡಿದು ಓಡಿದ್ದೆವು. ಮರಳಿ ಬಂದು ನೋಡಿದರೆ ಪರದೆಯ ಮೂಲೆಯಲ್ಲಿ ಪೆಟ್ಟಿಗೆಯ ಮೇಲೆ ಪೆಟ್ಟಿಗೆ, ಬರ್ತೀನಿ, ಬರ್ತೀನಿ, ಬರ್ತೀನಿ. ಕೊಪ್ಪರಿಗೆ ತಣ್ಣಗಾಗಿತ್ತು, ಯಂತ್ರ ನಿಂತಿತ್ತು. ಉತ್ತರ ಸಿಗುವ ತನಕ ಅದು ಕೂಗುತ್ತಲೇ ಇತ್ತು. ಅದನ್ನು ಎಬ್ಬಿಸಿದಾಗ ತಣ್ಣಗಾದ ಪಾಕ ಬಾಚುತ್ತಾ ನಮ್ಮ ಕೈಯೆಲ್ಲ ಕೊಪ್ಪರಿಗೆಯಲ್ಲಿತ್ತು, ಯಾರೂ ಗುಂಡಿ ಒತ್ತಿರಲಿಲ್ಲ. ಆದರೂ ಅದು ಬರ್ತೀನಿ ಎಂದು ಒಂದೇ ಸಲ ಹೇಳಿ ಸುಮ್ಮನಾಯಿತು. ಮೂಲೆಕೂಗನ್ನು ಎರಡನೇ ಸಲ ಕೂಗಿಸದ ಮರ್ಯಾದಸ್ಥರು ನಾವು, ಇಷ್ಟು ತಲೆಮಾರು ಈ ವ್ಯತ್ಯಾಸ ನಮ್ಮ ಕಿವಿಗೆ ಬಿದ್ದೇ ಇರಲಿಲ್ಲ!

ಜವರಣ್ಣ ಕುರ್ಚಿ ಎಳೆದುಕೊಂಡು ಕೂತರು. ಇಬ್ಬರೂ ಪರದೆಯನ್ನೇ ನೋಡಿದೆವು. ತೆಪ್ಪ ಎರಡನೇ ಸಲ ಕೂಗಲಿಲ್ಲ. ಗಾಳಿಗೆ ಉಳಿದ ಕೂಗುಗಳು ಹಾರಿಹೋಗಿದ್ದರೆ ಎಂದು ನಾನು ಕೇಳಿದೆ. ಅಷ್ಟರಲ್ಲಿ ಚಂದ್ರನಕೊಪ್ಪಲಿನ ಅಡುಗೆಮನೆಯ ಯಂತ್ರವೊಂದರ ಕೂಗು ಅದೇ ದಾರಿಯಲ್ಲಿ ಬಂತು. ಬರ್ತೀನಿ ಎಂದಿತು. ನಾವು ಉತ್ತರಿಸಲಿಲ್ಲ. ಮತ್ತೆ ಬರ್ತೀನಿ ಎಂದಿತು, ಮತ್ತೂ ಎಂದಿತು. ದಾರಿ ಸರಿಯಾಗಿದೆ, ಹೋಗುವವರು ಹೇಳುತ್ತಲೇ ಇದ್ದಾರೆ, ತೆಪ್ಪ ಮಾತ್ರ ಒಮ್ಮೆ ಹೇಳಿ ನೆಮ್ಮದಿಯಾಗಿದೆ. ಕೊಪ್ಪರಿಗೆಯಲ್ಲಿ ಪಾಕ ಎಳೆ ಕಟ್ಟುತ್ತಿತ್ತು. ನಾನು ‘ಬಂತು’ ಒತ್ತಿದೆ. ಒತ್ತಿದ್ದು ಕಾವಲಿನವಳೇ.

ಬಯಲು ತೆರೆಯಿತು. ತೆಪ್ಪ ನೆಟ್ಟಗೆ, ಹಗುರವಾಗಿ, ಯಾರ ನಿದ್ದೆಯೂ ಕೆಡದಂತೆ ಇಳಿಯಿತು. ಚೆಲುವಿ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲಿಳಿದು, ಅಳುತ್ತಾ ನಿಂತಿದ್ದ ನನ್ನನ್ನು ನೋಡಿ, “ಅವ್ವ, ಕೊಬ್ಬರಿ ಹಾಕಿದ್ ಬೆಲ್ಲ ಮಡಗಿದ್ದೀಯಾ?” ಎಂದಳು. ಅಷ್ಟು ದೂರದಿಂದ ಬಂದವಳ ಮೊದಲ ಮಾತು ಅದು. ನಾನು ಅಳುವುದು ಬಿಟ್ಟು ನಕ್ಕೆ, ಜವರಣ್ಣ ಕೊಡೆ ಬಿಚ್ಚಿ ಅವಳಿಗೆ ನೆರಳು ಹಿಡಿದರು. ಮನೆಯವರೆಗೂ ಬಂದು ಬಿಟ್ಟರು, ಹೊರಡುವಾಗ ಎಷ್ಟು ಸಲ ಬತ್ತೀನಿ ಎಂದರೋ ನಾನು ಎಣಿಸಲಿಲ್ಲ.

ಮೊಮ್ಮಗಳು ಈಗ ತೊಟ್ಟಿಲು ಬಿಟ್ಟು ಅಂಬೆಗಾಲಿಡುತ್ತಿದ್ದಾಳೆ, ಈ ಕಾಗದದ ಒಂದು ಮೂಲೆಯನ್ನು ಆಗಲೇ ತಿಂದಿದ್ದಾಳೆ. ಅದಕ್ಕೇ ಬಯ್ಯಲು ಕೂತವಳು ಈಗ ಎರಡು ಮಾತು ಬೇಡಿಕೊಳ್ಳುತ್ತೇನೆ. ಇವತ್ತೋ ನಾಳೆಯೋ ನೀವು ಆ ಪೆಟ್ಟಿಗೆಯ ಮುಂದೆ ಕೂತಿರುತ್ತೀರಿ. ನಿಂತ ಯಂತ್ರ ಉತ್ತರ ಸಿಗುವ ತನಕ ಕೂಗುತ್ತಿರಲಿ ಎಂದು ಬರೆದವರೂ ನೀವೇ. ಇದು ಕಿರಿಕಿರಿ, ಒಂದೇ ಸಲ ಸಾಕು ಎಂದು ನಿಮ್ಮ ಜೊತೆಯವರು ಹೇಳುತ್ತಾರೆ. ಕೇಳಬೇಡಿ, ಕೂಗಲು ಬಿಡಿ. ಮೂಲೆಯಲ್ಲಿ ಎದ್ದದ್ದನ್ನು ಓದದೆ ಮುಚ್ಚಬೇಡಿ ಎಂದು ಅವರಿಗೂ ಹೇಳಿ. ಇನ್ನು ಆ ಪದ, ಅದನ್ನು ತಿದ್ದಬೇಡಿ. ಪೆಟ್ಟಿಗೆಯನ್ನು ನಾವು ಈಗ ಅಗಲ ಮಾಡಿಸಿದ್ದೇವೆ, ಪೂರ್ತಿ ಮಾತು ಹಿಡಿಸುತ್ತದೆ, ಮುಂದೆ ಯಾವ ತಾಯಿಯೂ ನನ್ನ ಹಾಗೆ ಹೆದರಬೇಕಾಗಿಲ್ಲ. ಆದರೆ ನಿಮ್ಮ ಕಾಲದಲ್ಲಿ ಅದು ಹಾಗೇ ಇರಲಿ. ಹೋಗುವ ಯಂತ್ರಕ್ಕೂ ಹೋಗ್ತೀನಿ ಎನ್ನಿಸಲು ಮನಸ್ಸು ಬಾರದವರೊಬ್ಬರು ನಮ್ಮ ಹಿಂದೆ ಇದ್ದರು ಎಂದು ತಿಳಿಯುವುದು ನನಗೆ ಬೆಲ್ಲಕ್ಕಿಂತ ಸಿಹಿ.

ಕೊಪ್ಪರಿಗೆ ಕರೆಯುತ್ತಿದೆ, ಏಳಬೇಕು. ಕೊನೆಯ ಮಾತನ್ನು ಒಂದೇ ಸಲ ಹೇಳುತ್ತೇನೆ. ಎಷ್ಟು ಸಲ ಹೇಳಿದೆ ಎಂದು ನೋಡಿಕೊಂಡು, ನಿಮ್ಮ ಮೇಜಿನ ಮೇಲಿನ ಸರಿಯಾದ ಗುಂಡಿ ಒತ್ತಿ.

ಬರ್ತೀನಿ.

ಹೊಂಬಾಳಮ್ಮ